ಹತ್ತು ಲಕ್ಷದಲ್ಲಿ ಒಬ್ಬರು

ಮಾರ್ಚ್ 4, ಸಂಜೆ

ಎರಡನೇ ಪ್ಲಾಟ್‌ಫಾರ್ಮ್ ಗಾಡಿ ಮತ್ತೆ ಲೇಟು. ಮೈಕಲ್ಲಿ ಅದನ್ನೇ ಹೇಳಿ ಹೇಳಿ ಗಂಟಲು ಒಣಗಿತ್ತು. ಆಗಲೇ ಡಾಕ್ಟರಮ್ಮನ ಫೋನು. ನನ್ನ ಬೋನ್ ಮ್ಯಾರೋ, ರಕ್ತ ಹುಟ್ಟಿಸೋ ಮೂಳೆಯ ಮಜ್ಜೆ, ತಮ್ಮನಿಗೆ ಹೊಂದಲ್ಲ.

"ಒಡಹುಟ್ಟಿದವಳದ್ದೇ ಹೊಂದದಿದ್ರೆ ಇನ್ಯಾರದ್ದು ಹೊಂದತ್ತೆ?"

ಹೊರಗಿನವರಲ್ಲಿ ಹುಡುಕ್ತಾರಂತೆ. ಅವನದು ಅಪರೂಪದ ಬಗೆ — ಹತ್ತು ಲಕ್ಷದಲ್ಲಿ ಒಬ್ಬರು ಸಿಕ್ಕರೆ ಪುಣ್ಯ. ರಕ್ತದ ಕ್ಯಾನ್ಸರ್ ಅಲ್ಲಿವರೆಗೂ ಕಾಯತ್ತಾ? ಕೇಳೋ ಧೈರ್ಯ ಬರಲಿಲ್ಲ.

ಮಾರ್ಚ್ 5

ಅನೌನ್ಸ್‌ಮೆಂಟ್ ರೂಮಿನ ಗಾಜಿನಿಂದ ಜನರನ್ನೇ ನೋಡ್ತಾ ಕೂತೆ. ಈ ಸ್ಟೇಷನ್‌ಗೆ ದಿನಕ್ಕೆ ಇಪ್ಪತ್ತು ಸಾವಿರ ಜನ. ಹತ್ತು ಲಕ್ಷ ಆಗಬೇಕಾದ್ರೆ ಒಂದೂವರೆ ತಿಂಗಳ ಮೇಲೆ... ಅದೂ ದಿನಾ ಹೊಸ ಮುಖಗಳೇ ಬಂದ್ರೆ. ಅಷ್ಟರಲ್ಲಿ ಒಬ್ಬರು. ಸೂಟ್‌ಕೇಸ್ ಎಳ್ಕೊಂಡು ಓಡಿದ ಹೆಂಗಸೋ, ಬೆಂಚಲ್ಲಿ ಗೊರಕೆ ಹೊಡೀತಿದ್ದೋನೋ. ಮೈಕ್ ಆನ್ ಮಾಡಿ ಕೂಗಿಬಿಡೋಣ ಅನ್ನಿಸ್ತು.

ಮಾರ್ಚ್ 9

ಅಮ್ಮ ಅಕ್ಕಿ ಆರಿಸ್ತಿದ್ಲು. "ಹತ್ತು ಲಕ್ಷ ಅಂದ್ರೆ ಎಷ್ಟಾಗತ್ತೇ?"

ಒಂದು ಚಮಚ ಎಣಿಸಿದೆ, ಗುಣಿಸಿದೆ. "ಇಪ್ಪತ್ತು ಕಿಲೋ ಅಕ್ಕಿಯ ಕಾಳಷ್ಟು. ಅದರಲ್ಲಿ ಒಂದೇ ಒಂದು ಕಾಳು." ಹೇಳಬಾರದಿತ್ತು.

ಅಮ್ಮ ತಲೆ ಎತ್ತಲಿಲ್ಲ. "ಅಷ್ಟೇನಾ? ಮೂಟೇಲಿ ಒಂದೇ ಕಲ್ಲಿದ್ರೂ ನನ್ನ ಕೈಗೆ ಸಿಗತ್ತೆ. ಹುಡುಕೋರಿಗೇನು ಕಣ್ಣಿಲ್ವಾ?"

ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ.

ಏಪ್ರಿಲ್ 21

ಸಿಕ್ಕಿದ್ದಾರೆ! ಯಾರು, ಎಲ್ಲಿಯವರು — ಹೇಳೋ ಹಾಗಿಲ್ಲವಂತೆ. ಒಪ್ಪಿದ್ದಾರೆ, ಅಷ್ಟೇ.

ತಮ್ಮ ಬೋಳು ತಲೆ ಸವರಿಕೊಂಡ. "ಅವರು ಲೆಕ್ಕದಲ್ಲಿ ಚುರುಕಿದ್ರೆ ನಂಗೂ ಬರತ್ತೇನೇ ಅಕ್ಕ?"

ಮೇ 12

ಔಷಧಿ ಶುರು. ಅವನ ಮ್ಯಾರೋನ ಪೂರ್ತಿ ಸುಟ್ಟುಹಾಕತ್ತೆ. ಇನ್ನು ಹಿಂದೆ ಸರಿಯೋ ಹಾಗಿಲ್ಲ. ಆ ಪುಣ್ಯಾತ್ಮರು ಮನಸ್ಸು ಬದಲಾಯಿಸಿದ್ರೆ?

"ಹಾಗೇನಾದ್ರೂ ಆದ್ರೆ ಇವನ ಮೈಯಲ್ಲಿ ಹೊಸ ರಕ್ತವೇ ಹುಟ್ಟಲ್ಲ," ಅಂದರು ಡಾಕ್ಟರಮ್ಮ.

ಹತ್ತು ಲಕ್ಷದ ಭಯವೇ ವಾಸಿಯಿತ್ತು. ಈಗ ಒಬ್ಬರ ಭಯ. ರಸ್ತೆ ದಾಟೋವಾಗ ಜೋಪಾನ, ನೆಗಡಿ ಹಿಡಿಸ್ಕೋಬೇಡಿ — ಮನಸ್ಸಲ್ಲೇ ಹೇಳ್ತಾ ಗಾಡಿ ನಂಬರ್ ತಪ್ಪು ಕೂಗಿದೆ. ಬೈಸ್ಕೊಂಡೆ.

ಮೇ 19, ಮಧ್ಯಾಹ್ನ

ಬಂತು. ಮಾಸ್ಕ್ ಹಾಕಿಸಿ ನಮ್ಮನ್ನ ಒಳಗೆ ಬಿಟ್ಟರು. ಅಂಗೈ ಅಗಲದ ಚೀಲದಲ್ಲಿ ಅವರ ಮ್ಯಾರೋ.

"ಇಷ್ಟೇನಾ?" ಅಂದಳು ಅಮ್ಮ.

ನರ್ಸ್ ನಕ್ಕರು. "ಇದರಲ್ಲಿ ಕೋಟಿಗಟ್ಟಲೆ ಜೀವಕಣ ಇದೆ ಅಮ್ಮ."

ಎಷ್ಟು ಕೋಟಿ, ಕೇಳಲಿಲ್ಲ. ತಮ್ಮನ ನರಕ್ಕೆ ಹನಿ ಬೀಳೋಕೆ ಶುರುವಾಯ್ತು.

"ಏನನ್ನಿಸ್ತಿದೆಯೋ?" ಅಂದೆ.

"ಭಯ," ಅಂದ ತಮ್ಮ. ಕಣ್ಣು ಮುಚ್ಚಿಕೊಂಡ.

ಅಮ್ಮ ಎದ್ದಳು. ಚೀಲಕ್ಕೆ ಕೈ ಮುಗಿದು, "ಬಾಪ್ಪಾ," ಅಂದಳು. ಕೊಟ್ಟೋರು ಗಂಡೋ ಹೆಣ್ಣೋ ಗೊತ್ತಿಲ್ಲವಲ್ಲ. ತಡೆದು, "ಬಾರಮ್ಮಾ... ಒಳಗೆ ಬಾ —"