ಮೂರನೇ ಬೋಗಿ

ಪ್ರೀತಿಯ ಅಕ್ಕ,

ನಿನ್ನೆ ಪರೀಕ್ಷಾ ಓಟದಲ್ಲಿ, ಕೊನೆಗೆ ಹೊಸದಾಗಿ ಸೇರಿಸಿದ ಮೂರನೇ ಬೋಗಿ ಪ್ಲಾಟ್‌ಫಾರ್ಮಿನ ಹೊರಗೇ ನಿಂತು, ಅದರ ಬಾಗಿಲು ನಿಲ್ದಾಣಕ್ಕೆ ಮೊದಲು ಬರುವ ಸೇತುವೆಯ ಮೇಲೆ ತೆರೆದುಕೊಂಡಿತು. ವರದಿ ಬರೆದವರು ಡಿಪೊ ಮೇಲ್ವಿಚಾರಕರು. ಓಡಿಸಿದವನು ನಾನು. ಜನ ಹೆಚ್ಚಾದರೆಂದು ಪ್ಲಾಟ್‌ಫಾರ್ಮನ್ನು ಮುಂದಕ್ಕೆ ಉದ್ದ ಮಾಡಿದ್ದಾರೆ; ರೈಲು ಈಗ ಅದರ ಹೊಸ ತುದಿಯಲ್ಲಿ ನಿಲ್ಲಬೇಕು. ನನ್ನ ಕೈ ಹನ್ನೊಂದು ವರ್ಷದ ಅಭ್ಯಾಸದಂತೆ ಹಳೆಯ ನಿಲುಗಡೆಯಾದ ಗಡಿಯಾರದ ಕಂಬದ ಬಳಿಯೇ ಬ್ರೇಕ್ ಹಾಕಿತು. ರೈಲು ಖಾಲಿಯಿತ್ತು.

ಬರುವ ಸೋಮವಾರ ಆಸ್ಪತ್ರೆಗೆ ಹೋಗುವಾಗ ಅಮ್ಮ ಸೀಟು ಸಿಗುತ್ತದೆಂದು ಕೊನೆಯ ಬೋಗಿಯನ್ನೇ ಹತ್ತುತ್ತಾಳೆ. ಕಣ್ಣು ಮೊದಲೇ ಮಂಜು. ಮುಂದೆ ಕೂರು ಎಂದರೆ, "ನನ್ನ ಮಗ ಓಡಿಸೋ ರೈಲಲ್ಲಿ ಹಿಂದೇನು, ಮುಂದೇನು, ಸುಮ್ನಿರೋ" ಎನ್ನುತ್ತಾಳೆ. ನೀನು ಜೊತೆಗೆ ಬಂದು ಮೊದಲ ಬೋಗಿಯಲ್ಲಿ ಕೂರಿಸು. ಕಾರಣ ಹೇಳಬೇಡ.

ಪ್ರಯಾಣಿಕರೊಂದಿಗೆ ಮೊದಲ ಓಟ ಅದೇ ಸೋಮವಾರ ಬೆಳಿಗ್ಗೆ ಎಂಟಕ್ಕೆ. ಓಡಿಸುವವನು ನಾನೇ.

ನಿನ್ನ ತಮ್ಮ