ಬಾಗಿಲಿಗೆ ಅರ್ಧ ಕಮಾನು

ಓಡೆನ್ಸ,
ಮೇ ೧೭

ಟ್ರೋಲ್ಸ್,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆಯಿತು. ಬರೀ ಹೆಸರು ಒರಟಾಗಿ ಕಂಡರೆ ಕಾಣಲಿ ಬಿಡು, ನಯನಾಜೂಕು ಮಾಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ.

ನಿನ್ನ ಕಾಗದ ಮೊನ್ನೆ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ನಿನ್ನ ಕೈಬರಹವನ್ನು ನಾನು ಕಂಡದ್ದು ಅಂಗಡಿ ಸಾಮಾನಿನ ಚೀಟಿಯಲ್ಲಿ ಮಾತ್ರ. ಈಗ ಎರಡು ಪುಟ ತುಂಬ ಬರೆದು, ಮನೆಗೆ ವಾಪಸ್ಸು ಬರಲೇ ಎಂದು ಕೇಳಿದ್ದೀಯ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಏನಾದರೂ ತಮಾಷೆ ಮಾಡುತ್ತೀಯ, ನಾನು ನಗುತ್ತೇನೆ, ವಿಷಯ ಹಾಗೇ ಜಾರಿಹೋಗುತ್ತದೆ. ಅದಕ್ಕೇ ನಾನೂ ಕಾಗದ ಹಿಡಿದು ಕೂತಿದ್ದೇನೆ. ಏನನ್ನೇ ಆಗಲಿ ಕೊನೆಯ ಪುಟದಿಂದ ಓದುವ ಚಾಳಿ ನಿನ್ನದು. ಇದೊಂದನ್ನಾದರೂ ಮೊದಲಿನಿಂದ ಓದು ಮಾರಾಯ.

ಜನವರಿಯಲ್ಲಿ ನೀನು, “ಈ ಬೇಲಿಗಳ ಮಧ್ಯೆ ನನಗೆ ಉಸಿರು ಕಟ್ತಿದೆ ಮಲೇನ” ಎಂದು ಹೇಳಿ ಹೊರಟೆ. ಬೇಲಿ ಬೇಡ ಎಂದು ಹೋದವನು ಬೇಲಿಗಿಡ ಕತ್ತರಿಸುವ ಯಂತ್ರವನ್ನು ಕಾರಿನಲ್ಲಿ ಹಾಕಿಕೊಂಡು ಹೋದದ್ದು ಏಕೆ ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಿನ್ನ ಮೂರನೇ ಮಹಡಿಯ ಮನೆಯಲ್ಲಿ ಏನನ್ನು ಕತ್ತರಿಸುತ್ತೀಯೋ, ದೇವರಿಗೇ ಗೊತ್ತು. ಇರಲಿ. ಅಂದಿನಿಂದ ಈ ಬೀದಿಯಲ್ಲಿ ನಾನು ಹೇಳಿಕೊಂಡು ಬಂದದ್ದು ಒಂದೇ ಮಾತು: ಟ್ರೋಲ್ಸ್‌ಗೆ ಎಸ್ಬಿಯರ್‌ನಲ್ಲಿ ಗಾಳಿಯಂತ್ರದ ಕೆಲಸ, ವಾರದ ಕೊನೆಗೆ ಬರುತ್ತಾನೆ. ನೀನು ಮಕ್ಕಳನ್ನು ಕರೆದೊಯ್ಯಲು ಬಂದಾಗ ನಿನ್ನ ಕಾರು ಕಾಣುತ್ತಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಸುಳ್ಳು ಹೇಳಿದ್ದು ಈ ಮನೆಗಾಗಿ ಎಂದು ನಿನಗೆ ಗೊತ್ತು. ಜುಲೈಗೆ ಬಾಡಿಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದೋ ಬಿಡುವುದೋ ಎಂದು ಮೇ ಕೊನೆಯೊಳಗೆ ಹೇಳುವುದು ಮನೆಯ ಒಡತಿ, ಎದುರುಮನೆಯ ಗುದ್ರುನ್ ಕೈಯಲ್ಲಿದೆ. ಮನೆ ತೋರಿಸಿದ ದಿನ ಆಕೆ ಹೇಳಿದ ಮಾತು ನೆನಪಿದೆಯಾ? “ಹಿಂದೆ ಇದ್ದ ಗಂಡ ಹೆಂಡ್ತಿ ಜಗಳ ಆಡ್ಕೊಂಡು ದೂರ ಆದ್ರು. ಇನ್ನೊಂದ್ಸಲ ಅಂಥದ್ದು ನನ್ನ ಕೈಲಾಗಲ್ಲಪ್ಪ. ಮಕ್ಕಳಿರೋ ಸಂಸಾರ ಬೇಕು ನನಗೆ.” ನೀನು ನನ್ನ ಹೆಗಲ ಮೇಲೆ ಕೈ ಹಾಕಿ, ಇಲ್ಲೇ ಮುದುಕರಾಗುತ್ತೇವೆ ಎಂದು ಮಾತು ಕೊಟ್ಟೆ. ಆ ಹೆಗಲ ಮೇಲಿನ ಕೈ ನೋಡಿಯೇ ಆಕೆ ಮನೆ ಕೊಟ್ಟದ್ದು ಎಂದು ನಾನು ನಂಬಿಕೊಂಡಿದ್ದೆ.

ಹಳೆಯ ಶಾಲೆಯಲ್ಲಿ ಆಸ್ತಾ ಊಟದ ಡಬ್ಬಿ ಹಿಡಿದು ಒಬ್ಬಳೇ ಕೂರುತ್ತಿದ್ದಳು. ಇಲ್ಲಿ ಅವಳು ಬೇಲಿಯ ಕಂಡಿಯಲ್ಲಿ ನುಸುಳಿ ಗೆಳತಿ ಸಿಗ್ನಳ ಮನೆಗೆ ಹೋಗುತ್ತಾಳೆ, ಅಲ್ಲೇ ಉಣ್ಣುತ್ತಾಳೆ, ಮೊಣಕಾಲು ತರಚಿಕೊಂಡು ಬರುತ್ತಾಳೆ. ವಿಲ್ಲಾಸ್‌ನನ್ನು ಹುಡುಕಬೇಕಾದರೆ ನಾಲ್ಕು ಅಂಗಳ ಇಣುಕಬೇಕು. ಮಕ್ಕಳನ್ನು ಇಲ್ಲಿಂದ ಕಿತ್ತುಕೊಂಡು ಹೋಗುವುದು ನನ್ನಿಂದಾಗುತ್ತಿರಲಿಲ್ಲ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡೆ. ಮೇ ತಿಂಗಳು ದಾಟಿದರೆ ಸಾಕಿತ್ತು.

ಆದರೆ ನಿನ್ನ ನಾಲಿಗೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ! ಹೋದ ವರ್ಷದ ಬೀದಿಯ ಔತಣದಲ್ಲಿ ಬಿಯರ್ ಹಿಡಿದು ಬೆಂಚಿನ ಮೇಲೆ ನಿಂತು, “ಮುಂದಿನ ಮೇ ಹನ್ನೆರಡಕ್ಕೆ ಮದುವೆಯಾಗಿ ಹನ್ನೆರಡೂವರೆ ವರ್ಷ, ನಮ್ಮದು ತಾಮ್ರದ ಮದುವೆ. ಬಾಗಿಲಿಗೆ ಕಮಾನು ಕಟ್ಟದಿದ್ರೆ ಒಬ್ಬೊಬ್ಬರನ್ನೂ ನೋಡ್ಕೋತೀನಿ” ಎಂದು ಕೂಗಿದವನು ನೀನೇ. ಪ್ರೀಬೆನ್ ಅದನ್ನು ಮರೆಯುವವನೇ? ಬೀದಿಯ ಸಂಘದ ಅಧ್ಯಕ್ಷಗಿರಿ ಸಿಕ್ಕಾಗಿನಿಂದ ಆತನಿಗೆ ಬೇರೆ ಕೆಲಸವೇ ಇಲ್ಲ. ಏಪ್ರಿಲ್‌ನಿಂದಲೇ ಗುಸುಗುಸು ಶುರುವಾಯಿತು. ಸಕ್ಕರೆ ಕೇಳಲು ಹೋದರೆ ಆತನ ಹೆಂಡತಿ ಬಿರ್ತೆ ಕಾಗದದ ಹೂಗಳನ್ನು ಮೇಜಿನ ಬಟ್ಟೆಯ ಕೆಳಗೆ ತುರುಕಿದಳು. ನಾನು ಕಂಡೂ ಕಾಣದವಳ ಹಾಗೆ ಸಕ್ಕರೆ ತೆಗೆದುಕೊಂಡು ಬಂದೆ. ಬೇಡ ಎನ್ನುವುದಾದರೂ ಹೇಗೆ? ನೆರೆಯವರು ಗುಟ್ಟಾಗಿ ಕಮಾನು ಕಟ್ಟಿ, ಬೆಳಿಗ್ಗೆ ಹಾಡಿ ಎಬ್ಬಿಸಬೇಕು; ನಮಗೆ ಏನೂ ಗೊತ್ತಿಲ್ಲ ಎಂಬುದೇ ಆ ಸಂಪ್ರದಾಯದ ಜೀವಾಳ. ಗೊತ್ತೇ ಇಲ್ಲದ ಹಬ್ಬವನ್ನು ನಿಲ್ಲಿಸಿ ಎಂದು ಯಾರ ಬಾಗಿಲು ತಟ್ಟಲಿ? ಆಗ ನಿನಗೆ ಫೋನು ಮಾಡಿದೆ. ಒಂದು ರಾತ್ರಿ ಬಂದು ಸೋಫಾದ ಮೇಲೆ ಮಲಗು, ಬೆಳಿಗ್ಗೆ ನನ್ನ ಜೊತೆ ಬಾಗಿಲಲ್ಲಿ ನಿಲ್ಲು ಎಂದೆ. ಬಂದೆ. ಅದಕ್ಕೆ ಥ್ಯಾಂಕ್ಸ್, ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ಹಿಂದಿನ ಸಂಜೆ ನಾವಿಬ್ಬರೂ ಪರದೆ ಎಳೆದುಕೊಂಡು ಅಡುಗೆಮನೆಯಲ್ಲಿ ಕುಳಿತಿದ್ದೆವು, ನೆನಪಿದೆ ತಾನೆ? ಹೊರಗೆ ನಮ್ಮದೇ ಬಾಗಿಲಿಗೆ ಧಡಧಡ ಮೊಳೆ ಹೊಡೆಯುತ್ತಿದ್ದರು. ಪ್ರೀಬೆನ್ ಹೆಬ್ಬೆರಳಿಗೆ ಸುತ್ತಿಗೆ ಬಡಿದುಕೊಂಡು ಇಡೀ ಬೀದಿಗೆ ಕೇಳುವಂತೆ ಬೈದುಕೊಂಡ. ವಿಲ್ಲಾಸ್ ಕಣ್ಣರಳಿಸಿ, “ಅಮ್ಮಾ, ಯಾರೋ ನಮ್ಮ ಮನೆ ಒಡೀತಿದ್ದಾರೆ” ಎಂದ. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಬೆಳಿಗ್ಗೆ ಅಕಾರ್ಡಿಯನ್ ಕೇಳಿಸಿತು, ನಾವು ಆಗತಾನೇ ಎದ್ದವರ ಹಾಗೆ ಕಣ್ಣುಜ್ಜುತ್ತ ಬಾಗಿಲು ತೆರೆದೆವು. ಇಪ್ಪತ್ತೈದು ವರ್ಷದ ಬೆಳ್ಳಿ ಮದುವೆಗೆ ಪೂರ್ತಿ ಕಮಾನು, ತಾಮ್ರದ್ದಕ್ಕೆ ಅರ್ಧ. ಬಾಗಿಲಿನ ಒಂದೇ ಮಗ್ಗುಲಿನಿಂದ ಬೀಚ್ ಮರದ ಎಳೆ ಹಸಿರು ಮೇಲೇರಿ, ನಡುವಿಗೆ ಬಂದು ನಿಂತುಬಿಟ್ಟಿತ್ತು. ಅಂಗಳದ ತುಂಬ ಜನ, ತಾರಸ್ವರದಲ್ಲಿ ಹಾಡು. ನೀನು ಹೆಗಲ ಮೇಲೆ ಕೈ ಹಾಕಿದೆ. ಹಾಡು ನನ್ನ ಕಿವಿಗೇ ಬೀಳಲಿಲ್ಲ. ಗುದ್ರುನ್ ಎಲ್ಲಿದ್ದಾರೆ, ಯಾವ ಮುಖ ಮಾಡಿಕೊಂಡು ನೋಡುತ್ತಿದ್ದಾರೆ ಎಂಬುದಷ್ಟೇ ತಲೆಯಲ್ಲಿತ್ತು.

ಆಮೇಲೆ ನಿನ್ನದೇ ದರ್ಬಾರು. ಬೆಳಗಿನ ತಿಂಡಿಗೆ ಎಲ್ಲರನ್ನೂ ಒಳಗೆ ಕರೆದೆ, ಬನ್ನು ಹಂಚಿದೆ, ಪುಟ್ಟ ಲೋಟಗಳಿಗೆ ಕಹಿ ಮದ್ಯ ಸುರಿದೆ, ಬಿರ್ತೆಯನ್ನು ಎಳೆದುಕೊಂಡು ಕುಣಿದೆ. ಕಾಫಿ ನಾನೇ ಮಾಡುತ್ತೇನೆ ಎಂದು ನೀನು ಎದ್ದೆ. ಅಲ್ಲೇ ಕೆಟ್ಟಿತು ನೋಡು. ಜನವರಿಯ ನಂತರ ಅಡುಗೆಮನೆಯ ಸಾಮಾನನ್ನೆಲ್ಲ ನನ್ನ ಕೈಗೆಟುಕುವ ಹಾಗೆ ಬದಲಾಯಿಸಿದ್ದೆ. ನೀನು ಒಂದು ಕಪಾಟು ತೆರೆದೆ, ಇನ್ನೊಂದು ತೆರೆದೆ, ಮತ್ತೊಂದು ತೆರೆದೆ, ಕಾಫಿ ಸೋಸುವ ಕಾಗದ ಸಿಗಲಿಲ್ಲ. ಪ್ರೀಬೆನ್, “ಏನಯ್ಯಾ, ನಿನ್ನ ಮನೇಲೇ ದಾರಿ ತಪ್ಪಿದ್ಯಾ?” ಎಂದ, ಎಲ್ಲರೂ ಹೋ ಎಂದು ನಕ್ಕರು, ನೀನೂ ನಕ್ಕೆ. ನಗದವಳು ಆಸ್ತಾ ಒಬ್ಬಳೇ. ಕುರ್ಚಿಯಿಂದ ಜಿಗಿದು ಓಡಿಬಂದು, ಒಲೆಯ ಪಕ್ಕದ ಡ್ರಾಯರಿನಿಂದ ಅದನ್ನು ತೆಗೆದು ನಿನ್ನ ಕೈಗೆ ತುರುಕಿ, ಕಿವಿಯವರೆಗೂ ಕೆಂಪಾಗಿ ನಿಂತಳು. ನೀನು ಅವಳ ತಲೆ ಸವರಿ ಹಾಡು ಗುನುಗುತ್ತ ಕಾಫಿ ಮಾಡಿದೆ. ನೀನು ನೋಡಲಿಲ್ಲ. ನಾನು ನೋಡಿದೆ.

ನೀನು ಹೋದ ಮೇಲೆ ಅವಳು ತಟ್ಟೆ ಒರೆಸುತ್ತ ಕೇಳಿದಳು: “ಅಮ್ಮಾ, ಸಿಗ್ನಂಗೂ ಹೇಳಬಾರ್ದಾ? ಅವಳು ನನಗೆ ಎಲ್ಲಾ ಹೇಳ್ತಾಳೆ. ನಾನು ಮಾತ್ರ ದಿನಾ ಸುಳ್ಳು ಹೇಳ್ತೀನಿ.”

ನೋಡು ಟ್ರೋಲ್ಸ್, ಯಾವ ಗೆಳತಿಗಾಗಿ ಈ ಮನೆ ಉಳಿಸಿಕೊಳ್ಳಲು ಹೊರಟಿದ್ದೆನೋ ಅವಳ ಮುಂದೆಯೇ ಮಗಳ ಬಾಯಿ ಕಟ್ಟಿಹಾಕಿದ್ದೆ. ಮನೆ ಹೋದರೆ ಹೋಗಲಿ ಎಂದು ಅಪ್ರನ್ನಿನಲ್ಲೇ ರಸ್ತೆ ದಾಟಿದೆ.

ಗುದ್ರುನ್ ತರಕಾರಿ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ರುಬಾರ್ಬ್ ದಂಟು ಕೀಳುತ್ತಿದ್ದರು. ನಾನು ಪೀಠಿಕೆ ಹಾಕದೆ, “ಟ್ರೋಲ್ಸ್ ಇಲ್ಲಿಲ್ಲ, ಜನವರಿಯಲ್ಲೇ ಬಿಟ್ಟುಹೋದ, ನಾನು ನಿಮಗೆ ಸುಳ್ಳು ಹೇಳಿದೆ” ಎಂದೆ. ಆಕೆ ತಲೆಯನ್ನೂ ಎತ್ತಲಿಲ್ಲ.

“ಕಾಫಿ ಕಾಗದ ಹುಡುಕುವಾಗ್ಲೇ ಗೊತ್ತಾಯ್ತಮ್ಮ” ಎಂದರು. “ಮನೇಲಿರೋ ಗಂಡಸರಿಗೂ ಎಷ್ಟೋ ಜನಕ್ಕೆ ಗೊತ್ತಿರಲ್ಲ, ಅದು ದೊಡ್ಡದಲ್ಲ. ಆ ಮಗು ಓಡಿಬಂತಲ್ಲ, ಅದನ್ನ ನೋಡಿ ತಿಳೀತು. ನನಗ್ಯಾಕೆ ಮುಚ್ಚಿಟ್ಟೆ?”

ಗಂಡ ಹೆಂಡತಿ ದೂರವಾದರೆ ಮನೆ ಕೊಡುವುದಿಲ್ಲ ಎಂದಿರಲ್ಲ ಎಂದೆ. ಆಗ ಎದ್ದು ನಿಂತರು, ದಂಟನ್ನು ಕೋಲಿನ ಹಾಗೆ ನನ್ನತ್ತ ಚಾಚಿದರು.

“ಯಾವಾಗಂದೆ? ನೀನು ಯಾರ ಜೊತೆ ಮಲಗ್ತೀಯ ಅಂತ ನಾನು ಕೇಳಿದ್ನಾ? ಆ ಹಿಂದಿನವರು ಇಬ್ರೂ ಹೊರಟುಹೋದ್ರು. ಚಳಿಗಾಲ ಪೂರ್ತಿ ನನ್ನ ಮಕ್ಕಳು ಬೆಳೆದ ಮನೇಲಿ ಒಂದು ದೀಪ ಇಲ್ಲ. ಇಲ್ಲಿ ಒಬ್ಬಳೇ ಕೂತು ಆ ಕತ್ತಲೆ ಕಿಟಕಿ ನೋಡಿ ನೋಡಿ ಹುಚ್ಚು ಹಿಡಿಯೋದೊಂದು ಬಾಕಿ. ಮನೇಲಿ ಜನ ಇರ್ಬೇಕು ಅಂದೆ, ಅಷ್ಟೆ. ನೀನಿರ್ತೀಯೋ ಇಲ್ವೋ, ಅದನ್ನ ಹೇಳು.”

ಇರುತ್ತೇನೆ ಎಂದೆ. ಅಷ್ಟಕ್ಕೆ ಬಿಡಲಿಲ್ಲ. “ಮಗೂ ಕೈಲಿ ಸುಳ್ಳು ಹೇಳಿಸಿದ್ಯಲ್ಲ, ಅದಕ್ಕೆ ನಿನ್ನ ಕೆನ್ನೆಗೆರಡು ಬಿಗೀಬೇಕು. ಒಂದು ವರ್ಷಕ್ಕೆ ಕೊಡ್ತೀನಿ. ಮುಂದಿಂದು ಮುಂದೆ” ಎಂದರು. ಕೈಗೆ ಒಂದು ಕಂತೆ ದಂಟು ತುರುಕಿ ಬೆನ್ನು ತಿರುಗಿಸಿದರು. ನಾನು ರಸ್ತೆಯ ನಡುವೆ ನಿಂತು ಗಳಗಳನೆ ಅತ್ತೆ. ಸಂತೋಷಕ್ಕಲ್ಲ. ಚಳಿಗಾಲದಿಂದ ಹೊತ್ತುಕೊಂಡು ತಿರುಗಿದ ಹೊರೆಯನ್ನು ನನ್ನ ಮೇಲೆ ಯಾರೂ ಹೊರಿಸಿರಲೇ ಇಲ್ಲವಲ್ಲ ಎಂದು.

ಆದ್ದರಿಂದ ಮನೆ ಇದೆ. ಒಂದು ವರ್ಷ ಇದೆ. ಬರುವ ಭಾನುವಾರ ಕಮಾನು ಇಳಿಸುವ ಕೂಟಕ್ಕೆ ಮತ್ತೆ ಎಲ್ಲರೂ ಬರುತ್ತಾರೆ, ಆಗ ನಾನೇ ಹೇಳುತ್ತೇನೆ. ಆಸ್ತಾ ಸಿಗ್ನಳಿಗೆ ಆಗಲೇ ಹೇಳಿಯಾಗಿದೆ. ಸಿಗ್ನ, “ಅಷ್ಟೇನಾ?” ಎಂದಳಂತೆ.

ಇನ್ನು ನಿನ್ನ ಪ್ರಶ್ನೆ. ಬೇಡ ಟ್ರೋಲ್ಸ್, ಬರಬೇಡ.

ಕೋಪದಿಂದ ಹೇಳುತ್ತಿಲ್ಲ. ಕೋಪ ಮಾಡಿಕೊಳ್ಳಲೂ ಶಕ್ತಿ ಬೇಕಲ್ಲ. ಫೆಬ್ರವರಿಯಲ್ಲಿ ವಿಲ್ಲಾಸ್ ವಾಂತಿ ಮಾಡಿಕೊಂಡು ಮಲಗಿದ್ದ ವಾರ, ಒದ್ದೆ ಹೊದಿಕೆಗಳು ಮೆಟ್ಟಿಲ ಕಂಬಿಯ ಮೇಲೆಲ್ಲ ನೇತಾಡುತ್ತಿದ್ದಾಗ ನೀನು ಈ ಕಾಗದ ಬರೆದಿದ್ದರೆ, ಬಾಗಿಲು ತೆರೆದಿಟ್ಟುಕೊಂಡು ಕಾಯುತ್ತಿದ್ದೆನೇನೋ. ನೀನು ಬರೆದದ್ದು ಹಾಡು ಕೇಳಿದ ಮೇಲೆ. ಆ ಬೆಳಿಗ್ಗೆ ಚೆನ್ನಾಗಿತ್ತು, ಯಾರಿಗೆ ಬೇಡ ಹೇಳು? ಆದರೆ ಇಲ್ಲಿ ಉಳಿದ ಬೆಳಗುಗಳೆಲ್ಲ ಡಬ್ಬಿ ಕಟ್ಟುವ, ಒಂಟಿ ಕಾಲುಚೀಲದ ಜೋಡಿ ಹುಡುಕುವ, ಹೇನು ಬಾಚುವ ಬೆಳಗುಗಳು. ಅವುಗಳ ನಡುವೆ ನಿನಗೆ ಮತ್ತೆ ಉಸಿರು ಕಟ್ಟುತ್ತದೆ. ಇನ್ನೊಂದು ಸಲ ನಿನ್ನನ್ನು ಬೀಳ್ಕೊಡಲು ನನ್ನ ಕೈಲಾಗದು, ಆಸ್ತಾಳ ಕೈಲಂತೂ ಆಗಲೇ ಆಗದು. ಮಕ್ಕಳನ್ನು ಯಾವಾಗ ಬೇಕಾದರೂ ಬಂದು ಕರೆದುಕೊಂಡು ಹೋಗು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಮೈ ಹುಷಾರು. ಎಣ್ಣೆಯಲ್ಲಿ ಕರಿದದ್ದನ್ನೇ ದಿನಾ ತಿನ್ನಬೇಡ.

ನಿನ್ನ ಮಕ್ಕಳ ತಾಯಿ,
ಮಲೇನ

ಮತ್ತೆ: ಆ ಬೇಲಿ ಕತ್ತರಿಸುವ ಯಂತ್ರ ವಾಪಸ್ಸು ತಂದುಕೊಡು. ಜೂನ್‌ನಲ್ಲಿ ಬರುವ ನಡುಬೇಸಿಗೆಯ ಬೆಂಕಿ ಹಬ್ಬದೊಳಗೆ ಬೇಲಿ ಕತ್ತರಿಸದಿದ್ದರೆ ಪ್ರೀಬೆನ್ ನನ್ನ ತಲೆ ತಿನ್ನುತ್ತಾನೆ. ಶೆಡ್ಡಿನ ಬಾಗಿಲಿಗೆ ಒರಗಿಸಿಟ್ಟು ಹೋಗು, ಕರೆಗಂಟೆ ಒತ್ತಬೇಡ. ಹಾಡು ಕಿವಿಗೇ ಬೀಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಸುಳ್ಳುಗಳೆಲ್ಲ ಮುಗಿದವು ಎಂದುಕೊಂಡ ಮೇಲೆ ಅದೊಂದನ್ನು ಹಾಗೇ ಬಿಡಬಾರದು. ಒಂದೊಂದು ಸಾಲೂ ಕೇಳಿಸಿತು. ನಿನ್ನ ಕೈ ನನ್ನ ಹೆಗಲ ಮೇಲೆ ಇದ್ದಷ್ಟು ಹೊತ್ತೂ, ಇನ್ನೊಂದು ನುಡಿ ಹಾಡಲಿ, ಇನ್ನೊಂದು ನುಡಿ ಹಾಡಲಿ ಎಂದು ಬೇಡಿಕೊಳ್ಳುತ್ತ ನಿಂತಿದ್ದೆ. ಅದಕ್ಕೇ ಹೇಳುತ್ತಿದ್ದೇನೆ, ಕರೆಗಂಟೆ ಒತ್ತಬೇಡ.