ಹನ್ನೆರಡು ಎತ್ತರದ ಕುರ್ಚಿಗಳು

ಮಾನ್ಯ ಗವರ್ನರ್ ಅವರೇ,

ಗಡಿಯಲ್ಲಿ ತಾಯಿ ಮಕ್ಕಳನ್ನು ಅಗಲಿಸುವ ಕೆಲಸಕ್ಕೆ ನಮ್ಮ ರಾಜ್ಯ ಕೈಜೋಡಿಸುವುದಿಲ್ಲ ಎಂದು ಕಳೆದ ಮಂಗಳವಾರ ತಾವು ಟಿ.ವಿ.ಯಲ್ಲಿ ಸಾರಿದಿರಿ. ರಾಜ್ಯದ ಸೈನಿಕರನ್ನು ಗಡಿಯಿಂದ ವಾಪಸು ಕರೆಸಿದಿರಿ. ನಾವು ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟಿದೆವು. ಬುಧವಾರ ಬೆಳಿಗ್ಗೆ ನಮ್ಮ ಅಡಿಗೆಮನೆಯ ಹಿಂಬಾಗಿಲಿಗೆ ಹನ್ನೆರಡು ಎತ್ತರದ ಕುರ್ಚಿಗಳು ಬಂದಿಳಿದವು. ಇನ್ನೂ ನೆಟ್ಟಗೆ ಕೂರಲು ಬಾರದ ಕೂಸುಗಳನ್ನು ಪಟ್ಟಿ ಬಿಗಿದು ಕೂರಿಸುವ ಕುರ್ಚಿಗಳು. ತಮ್ಮದೇ ಇಲಾಖೆಯ ಪರಿಶೀಲಕರು ಪಟ್ಟಿ ಎಳೆದು ನೋಡಿ, ಗಟ್ಟಿಯಾಗಿದೆ ಎಂದು ಸಹಿ ಹಾಕಿ ಹೋದರು. ಚಪ್ಪಾಳೆಯನ್ನು ನಾವು ವಾಪಸು ತೆಗೆದುಕೊಳ್ಳಬಹುದೇ?

ನಾನು ಗಡಿಯಲ್ಲಿ ಕಸಿದ ಮಕ್ಕಳನ್ನಿಡುವ ಆಶ್ರಯಧಾಮದ ಅಡಿಗೆಯವಳು. ಗ್ವಾಟೆಮಾಲಾದ ಬೆಟ್ಟದವಳು, ಇಪ್ಪತ್ತು ವರ್ಷದಿಂದ ಈ ರಾಜ್ಯದ ಪ್ರಜೆ. ಮೊದಲು ಸೋಫಾ ಮಾರುತ್ತಿದ್ದ ಮಳಿಗೆ ಇದು. ಈಗ ಇದರ ಕಿಟಕಿಗಳಿಗೆ ಒಳಗಿನಿಂದ ಬಣ್ಣ ಬಳಿದಿದ್ದಾರೆ. ಮಕ್ಕಳನ್ನು ತಂದು ಬಿಡುವುದು ವಾಷಿಂಗ್ಟನ್ನಿನ ಸರ್ಕಾರ. ಬಾಗಿಲಲ್ಲಿ ತೂಗುವ ಪರವಾನಗಿ ಮಾತ್ರ ತಮ್ಮದು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಒಬ್ಬರದೇ ಕೆಲಸವೆಂದು ತಿಳಿದಿದ್ದೆ. ಇಲ್ಲಿ ಚಿವುಟುವವರು ಅವರು, ತೊಟ್ಟಿಲಿಗೆ ಸಹಿ ಹಾಕುವವರು ತಾವು.

ಗಲ್ಲದ ಮೇಲೆ ಗಾಯದ ಗುರುತಿರುವ ಐದು ವರ್ಷದ ಕತಾರಿನಾಳ ವಿಷಯ ಹೇಳುತ್ತೇನೆ. ಮಗು ಯಾರದೆಂದು ಗೊತ್ತಾದರೆ ಅದನ್ನು ಹಿಡಿದಿಟ್ಟು ತಾಯಿಯನ್ನು ಹಣಕ್ಕಾಗಿ ಹಿಂಡುವವರು ನಮ್ಮವರು ಬರುವ ದಾರಿಯುದ್ದಕ್ಕೂ ಇದ್ದಾರೆ. ಅದಕ್ಕೆ ಅವಳ ತಾಯಿ ಪೆತ್ರೋನಾ ಹೊರಡುವಾಗಲೇ ಪಾಠ ಮಾಡಿದ್ದಳು: “ಯಾರ್ ಕೇಳಿದ್ರೂ ಒಬ್ಳೇ ಬಂದೆ ಅನ್ನು. ನಮ್ಮನೇಲಿ ನಾನು ರೊಟ್ಟಿ ತಟ್ಟೋ ಸದ್ದು ಕೇಳೋವರ್ಗೂ ನಿಜ ಹೇಳ್ಬೇಡ.” ಗಡಿಯಲ್ಲಿ ತಾಯಿಯನ್ನು ಒಂದು ಬಸ್ಸಿಗೆ, ಮಗಳನ್ನು ಇನ್ನೊಂದಕ್ಕೆ ಹತ್ತಿಸಿದರು. ತಾಯಿ ಹೇಳಿದ ನಿಜ ಒಂದು ಕಚೇರಿಯ ಕಾಗದದಲ್ಲಿ ಉಳಿಯಿತು. ಮಗಳು ಪಾಠ ಒಪ್ಪಿಸಿದ್ದು ಇನ್ನೊಂದು ಕಚೇರಿಯಲ್ಲಿ.

ಇಲ್ಲಿ ರೊಟ್ಟಿ ಪೊಟ್ಟಣದಲ್ಲಿ ಬರುತ್ತದೆ. ಹತ್ತು ದಿನದ ಹಿಂದೆ ಲಾರಿ ಬರಲಿಲ್ಲ; ನಾನೇ ಮೆಕ್ಕೆಜೋಳದ ಹಿಟ್ಟು ಕಲಸಿ ಅಂಗೈಯಲ್ಲಿ ತಟ್ಟತೊಡಗಿದೆ. ಬಾಗಿಲಲ್ಲಿ ಕತಾರಿನಾ ನಿಂತಿದ್ದಳು.

“ಇದು ನಮ್ಮನೇನಾ?” ಎಂದಳು. “ಅಮ್ಮ ಎಲ್ಲಿ?”

“ಯಾರಮ್ಮನೇ, ಪುಟ್ಟಿ?”

“ನನ್ ಅಮ್ಮ. ಪೆತ್ರೋನಾ. ಅವಳು ತೆಳ್ಳಗ್ ತಟ್ತಾಳೆ. ನಿಂದು ಕತ್ತೆ ಕಿವಿ ಥರ ದಪ್ಪ.”

ನಾನು ನಕ್ಕೆ, ಆಮೇಲೆ ಅತ್ತೆ. ಹೆಂಗಸರ ಬಂದೀಖಾನೆಯಲ್ಲಿ ನೆಲ ಒರೆಸುವ ನನ್ನ ನಾದಿನಿಗೆ ಫೋನು ಮಾಡಿದೆ. ಗಲ್ಲದ ಮೇಲೆ ಗಾಯದ ಗುರುತಿರುವ ಹುಡುಗಿಯನ್ನು ಕಂಡಿರಾ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿರುವ ಪೆತ್ರೋನಾ ಅಲ್ಲೇ ಇದ್ದಾಳೆ. ಈ ಶುಕ್ರವಾರದ ವಿಮಾನದಲ್ಲಿ ಅವಳನ್ನು ವಾಪಸು ಅಟ್ಟುತ್ತಾರೆ. ಒಬ್ಬಳನ್ನೇ.

ಮೇಲ್ವಿಚಾರಕರಿಗೆ ಹೇಳಿದೆ. “ಫೈಲಲ್ಲಿ ಒಬ್ಳೇ ಬಂದ್ಳು ಅಂತಿದೆ, ಒಬ್ದುಲಿಯಾ. ನೀನು ಸಾರಿನ ಉಪ್ಪು ನೋಡ್ಕೋ” ಎಂದರು. ನಾನು ಜಗಳವಾಡಿದೆ, ಕಾಲು ಹಿಡಿದೆ. ಕೊನೆಗೆ ನಿನ್ನೆ ಒಬ್ಬ ಅಧಿಕಾರಿ ಬಂದರು. ಅಷ್ಟರಲ್ಲಿ ಮಗು ನಿಜ ಹೇಳಿ ಒಂಬತ್ತು ದಿನ ಕಳೆದಿತ್ತು, ಅಮ್ಮ ಬಂದಿರಲಿಲ್ಲ. ಯಾರ ಜೊತೆ ಬಂದೆ ಎಂದು ಅವರು ಕೇಳಿದರು. ಕತಾರಿನಾ ನನ್ನನ್ನು ನೋಡಿದಳು, ನೆಲ ನೋಡಿದಳು.

“ಒಬ್ಳೇ.”

“ಅಮ್ಮ?”

“ಇಲ್ಲ.”

ಅಧಿಕಾರಿ ಫೈಲು ಮುಚ್ಚಿ ಎದ್ದರು. ಅವರು ಹೋದ ಮೇಲೆ ಅವಳು ನನ್ನ ಏಪ್ರನ್ನು ಜಗ್ಗಿ ಕೇಳಿದಳು: “ಈ ಸಲ ಸರಿಯಾಗ್ ಹೇಳ್ದೆ ಅಲ್ವಾ? ಈಗ ಅಮ್ಮ ಬರ್ತಾಳಾ?”

ಇದಕ್ಕೆ ಉತ್ತರ ತಮ್ಮ ಹತ್ತಿರವಿರಬೇಕು, ಟಿ.ವಿ.ಯಲ್ಲಿ ರಾಜ್ಯದ ವಿರೋಧವನ್ನು ಅಷ್ಟು ಚೆನ್ನಾಗಿ ಓದಿದಿರಲ್ಲ. ಪರವಾನಗಿ ತಮ್ಮದು. ಈ ಮಗುವನ್ನು ತಾಯಿಯೊಂದಿಗೆ ಮಾತನಾಡಿಸದಿದ್ದರೆ ಪರವಾನಗಿ ಕಿತ್ತುಕೊಳ್ಳುತ್ತೇನೆ ಎಂದು ಆಶ್ರಯಧಾಮಕ್ಕೆ ಇವತ್ತೇ ಬರೆದು ಕಳಿಸಿ. ಶುಕ್ರವಾರಕ್ಕೆ ಮುಂಚೆ ತಮ್ಮ ವಕೀಲರು ಈ ಪತ್ರ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಲಿ; ಪ್ರಮಾಣ ಮಾಡಲು ನಾನು ಬರುತ್ತೇನೆ, ಕೆಲಸ ಹೋದರೂ ಸರಿ. ಕತಾರಿನಾಳಿಗಾದರೂ ಅಮ್ಮನ ಹೆಸರು ಗೊತ್ತು. ಆ ಹನ್ನೆರಡು ಕುರ್ಚಿಗಳು ಇನ್ನೂ ಖಾಲಿ ಇವೆ. ಅವುಗಳಲ್ಲಿ ಬಂದು ಕೂರುವವರಿಗೆ ಮಾತೇ ಬರುವುದಿಲ್ಲ. ನೀನು ಯಾರ ಮಗು ಎಂದು ಅವರನ್ನು ಹೇಗೆ ಕೇಳುತ್ತೀರಿ?

ಇಂತಿ,
ಮಗುವಿನ ಬಾಯಿ ಬಿಡಿಸಿ ತಪ್ಪು ಮಾಡಿದೆನೇನೋ ಎಂದು ಕೊರಗುತ್ತಿರುವ,
ತಮ್ಮ ಪರವಾನಗಿಯ ಅಡಿಗೆಯವಳು
ಒಬ್ದುಲಿಯಾ